ಲಾಂಗ್ ಬೆಲ್ ಹೊಡೆದ ಮೇಲೆ

ಮಂಡ್ಯ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ ಮುಖ್ಯಶಿಕ್ಷಕರ ಕೊಠಡಿಗೆ ಹೋದರೆ ಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಇಕೋ ಕ್ಲಬ್, ಕ್ರೀಡಾ ಸಂಘ, ಚುನಾವಣಾ ಸಾಕ್ಷರತಾ ಸಂಘ, ಸ್ಕೌಟ್ಸ್ ಮತ್ತು ಗೈಡ್ಸ್, ಶಾಲಾ ಸಂಸತ್ತು. ಪ್ರತಿಯೊಂದರ ಎದುರಿಗೂ ಅದನ್ನು ನೋಡಿಕೊಳ್ಳುವ ಶಿಕ್ಷಕರ ಹೆಸರು. ಐದಾರು ಜನ ಶಿಕ್ಷಕರಿರುವ ಶಾಲೆಯಾದರೆ ಒಂದೇ ಹೆಸರು ಮೂರು ಕಡೆ ಬರುತ್ತದೆ. ಈ ಪಟ್ಟಿ ಸುಳ್ಳಲ್ಲ. ಜೂನ್‌ನಲ್ಲಿ ಸಂಘಗಳ ಉದ್ಘಾಟನೆ ನಡೆದಿರುತ್ತದೆ, ಪರಿಸರ ದಿನಕ್ಕೆ ಗಿಡ ನೆಟ್ಟಿರುತ್ತಾರೆ, ಶಾಲಾ ಸಂಸತ್ತಿನ ಚುನಾವಣೆಯನ್ನು ಮೊಬೈಲ್‌ನಲ್ಲೇ ಮತಯಂತ್ರ ಮಾಡಿಕೊಂಡು ನಡೆಸಿರುತ್ತಾರೆ, ಬೆರಳಿಗೆ ಶಾಯಿಯನ್ನೂ ಹಚ್ಚಿರುತ್ತಾರೆ. ಮಕ್ಕಳು ಅದನ್ನೆಲ್ಲ ಖುಷಿಯಿಂದಲೇ ಮಾಡುತ್ತಾರೆ. ಆದರೆ ಅದೇ ಸಂಘ ಆಗಸ್ಟ್ ತಿಂಗಳ ಒಂದು ಬುಧವಾರ ಏನು ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಸಿಗುವ ಶಾಲೆಗಳು ಕಡಿಮೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹೈಸ್ಕೂಲು ಮಕ್ಕಳ ಆಟಪಾಟದ ಬಗ್ಗೆ ಬರೆಯುವಾಗ ನಾನು ಹೇಳಬೇಕಾದ ಮಾತು ಇಷ್ಟೇ: ನಮ್ಮಲ್ಲಿ ಸ್ಪರ್ಧೆಗಳು ಬೇಕಾದಷ್ಟಿವೆ, ಅಭ್ಯಾಸಕ್ಕೆ ಹೊತ್ತಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಕಲೋತ್ಸವ, ವಿಜ್ಞಾನ ಗೋಷ್ಠಿ, ರಸಪ್ರಶ್ನೆ, ಪ್ರಬಂಧ ಸ್ಪರ್ಧೆ ಎಂದು ವರ್ಷದ ಉದ್ದಕ್ಕೂ ಒಂದೊಂದು ದಿನದ ಹಬ್ಬಗಳು. ಆ ದಿನ ವೇದಿಕೆ ಹತ್ತುವ ಮಗು ಅಲ್ಲಿಗೆ ಬರುವ ಮುಂಚೆ ಎಲ್ಲಿ ಕಲಿಯಬೇಕು, ಯಾವಾಗ ಕಲಿಯಬೇಕು, ಯಾರ ಹತ್ತಿರ ಕಲಿಯಬೇಕು ಎಂಬುದಕ್ಕೆ ನಮ್ಮ ಶಾಲಾ ವ್ಯವಸ್ಥೆ ಇನ್ನೂ ಜಾಗ ಮಾಡಿಕೊಟ್ಟಿಲ್ಲ.

ಆಟದಿಂದಲೇ ಶುರು ಮಾಡೋಣ. ಮಳೆಗಾಲ ಹಿಡಿದುಕೊಳ್ಳುವ ಹೊತ್ತಿಗೇ ಹೋಬಳಿ ಮಟ್ಟದ ಕ್ರೀಡಾಕೂಟ ಬರುತ್ತದೆ. ಅರಕೆರೆ, ಬೆಳಗೊಳ, ಚಿನಕುರಳಿ, ಮೇಲುಕೋಟೆ, ಕಿಕ್ಕೇರಿ, ಶೀಳನೆರೆ, ಸಂತೇಬಾಚಹಳ್ಳಿ, ಬಿಂಡಿಗನವಿಲೆ, ಹೊಣಕೆರೆ, ದೇವಲಾಪುರ, ಹೀಗೆ ಹೋಬಳಿ ಹೋಬಳಿಯಲ್ಲೂ ಯಾವುದಾದರೊಂದು ಶಾಲೆಯ ಬಯಲಲ್ಲಿ ಸುಣ್ಣದ ಪುಡಿಯ ಗೆರೆಗಳು ಮೂಡುತ್ತವೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಮೆಟ್ಟಿಲುಗಳು ಸರಿಯಾಗಿವೆ. ಮೊದಲ ಮೆಟ್ಟಿಲಿಗೆ ಬರುವ ತಂಡ ಹೇಗೆ ತಯಾರಾಗಿದೆ ಎಂಬುದರಲ್ಲೇ ಎಲ್ಲ ಇದೆ.

ಕೊಕ್ಕೊ ಅಂಕಣದ ಪಕ್ಕದಲ್ಲಿ ನಿಂತು ನೋಡಬೇಕು. ಎಂಟು ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಒಬ್ಬಳ ಮುಖ ಪೂರ್ವಕ್ಕಿದ್ದರೆ ಪಕ್ಕದವಳದು ಪಶ್ಚಿಮಕ್ಕೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ನಡುಗೆರೆ ದಾಟುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಅರ್ಧದಲ್ಲಿ ಬದಲಿಸುವಂತಿಲ್ಲ, ಕಂಬ ಮುಟ್ಟಿದ ಮೇಲಷ್ಟೇ ತಿರುಗಬಹುದು. ಎದುರಾಳಿ ಗೆರೆಯ ಆಚೆಗೆ ನುಸುಳಿದ ಕೂಡಲೇ ಕೂತವಳ ಬೆನ್ನು ತಟ್ಟಿ ‘ಖೋ’ ಎನ್ನಬೇಕು. ಬೆನ್ನಿಗೆ ಕೈ ಬೀಳುವ ಮೊದಲೇ ಎದ್ದರೆ ತಪ್ಪು, ಬಿದ್ದ ಮೇಲೆ ಒಂದು ಕ್ಷಣ ತಡವಾದರೂ ಓಡುವವಳು ಕೈಗೆ ಸಿಗುವುದಿಲ್ಲ. ಯಾರಿಗೆ ಖೋ ಕೊಟ್ಟರೆ ಎದುರಾಳಿ ಯಾವ ಕಡೆ ತಿರುಗುತ್ತಾಳೆ ಎಂಬ ಲೆಕ್ಕ ಓಡುವ ಕಾಲಿಗೇ ಗೊತ್ತಿರಬೇಕು. ಕಂಬದ ಬಳಿ ಮೈಚೆಲ್ಲಿ ಡೈವ್ ಹೊಡೆಯುವುದಂತೂ ಮಣ್ಣಿನಲ್ಲಿ ಮೊಣಕೈ ಮೊಣಕಾಲು ತರಚಿಕೊಂಡು ತಿಂಗಳುಗಟ್ಟಲೆ ಕಲಿಯುವ ವಿದ್ಯೆ. ಸುತ್ತೋಲೆ ಬಂದ ಮೇಲೆ ವಾರದಲ್ಲಿ ಕಟ್ಟಿದ ತಂಡಕ್ಕೂ ವರ್ಷವಿಡೀ ಸಂಜೆ ಆಡಿದ ತಂಡಕ್ಕೂ ಇರುವ ವ್ಯತ್ಯಾಸ ಮೊದಲ ಎರಡು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ವನಿತೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಆಡಿದ ಬಿ. ಚೈತ್ರಾ ಪಕ್ಕದ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕುರುಬೂರಿಗೂ ನಮ್ಮ ಅರಕೆರೆಗೂ ಹೆಚ್ಚು ವ್ಯತ್ಯಾಸವಿಲ್ಲ. ಅದೇ ಗದ್ದೆ, ಅದೇ ಕಬ್ಬು, ಅದೇ ಮಣ್ಣು. ಹಳ್ಳಿಯಲ್ಲಿ ಸಂಜೆಯ ಆಟ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವವರೊಬ್ಬರಿದ್ದರೆ ಹುಡುಗಿಯರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಕಬಡ್ಡಿಯ ಕಥೆ ಇನ್ನೊಂದು ಬಗೆ. ಈ ಸೀಮೆಗೆ ಕಬಡ್ಡಿ ಶಾಲೆಯಿಂದ ಬಂದದ್ದಲ್ಲ, ಊರಿನಿಂದ ಶಾಲೆಗೆ ಹೋದದ್ದು. ಊರಹಬ್ಬಕ್ಕೋ ಗಣಪತಿ ಬಿಡುವ ದಿನಕ್ಕೋ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟರೆ ಸುತ್ತಲ ಹತ್ತು ಹಳ್ಳಿಯ ಜನ ರಾತ್ರಿಯಿಡೀ ಕೂತು ನೋಡುತ್ತಾರೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಶಾಸಕರಾಗಿದ್ದಾಗಲೇ, 2018ರ ಫೆಬ್ರುವರಿ 18ರಂದು, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ರೈತ ಚಳವಳಿಗೂ ಕಬಡ್ಡಿ ಅಂಕಣಕ್ಕೂ ಅದೇ ಹಳ್ಳಿಗಳ ಹುಡುಗರು ಬರುವ ನಾಡಿದು. 1990ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದ ಆಟ, 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಟಿ.ವಿ.ಯಲ್ಲಿ ಮನೆಮನೆಗೂ ಬಂತು. ಆದರೆ ಅದರ ಜೊತೆಗೇ ಆಟ ಮಣ್ಣಿನಿಂದ ಮ್ಯಾಟ್‌ಗೆ ಸರಿಯಿತು. ನಮ್ಮ ಹುಡುಗ ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿ ಹೋಬಳಿ, ತಾಲ್ಲೂಕು ಗೆಲ್ಲುತ್ತಾನೆ. ಮುಂದಿನ ಹಂತದಲ್ಲಿ ಶೂ ಹಾಕಿಕೊಂಡು ಮ್ಯಾಟ್ ಮೇಲೆ ನಿಲ್ಲಬೇಕಾಗಿ ಬಂದಾಗ ಅವನ ಕಾಲಿಗೆ ನೆಲವೇ ಗುರುತು ಸಿಗುವುದಿಲ್ಲ. ಮಣ್ಣಲ್ಲಿ ಜಾರಿ ಪಾರಾಗುತ್ತಿದ್ದ ಕಾಲು ಮ್ಯಾಟ್‌ನಲ್ಲಿ ಕಚ್ಚಿಕೊಳ್ಳುತ್ತದೆ, ಕಣಕಾಲು ಉಳುಕುತ್ತದೆ. ತಾಲ್ಲೂಕಿಗೊಂದು ಮ್ಯಾಟ್ ಇದ್ದು, ಗೆದ್ದ ಶಾಲೆಗಳ ಮಕ್ಕಳಿಗೆ ಅದರ ಮೇಲೆ ಒಂದು ತಿಂಗಳು ಆಡಲು ಕೊಟ್ಟರೂ ಸಾಕು. ಇದು ಕೋಟಿ ರೂಪಾಯಿಯ ಮಾತಲ್ಲ.

ಇದನ್ನೆಲ್ಲ ಹೊತ್ತು ನಿಂತಿರುವವರು ಪಿ.ಟಿ. ಮೇಷ್ಟ್ರು. ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಆಟ ಎನ್ನುವುದು ವಿಜ್ಞಾನದ ಮೇಡಮ್ಮೋ ಸಮಾಜದ ಮೇಷ್ಟ್ರೋ ಬಿಡುವಿದ್ದಾಗ ಕೊಡುವ ಚೆಂಡು. ಹುದ್ದೆ ಇರುವ ಕಡೆ ಅವರ ತಲೆಯ ಮೇಲೆ ಆಟದ ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆ ಹಂಚಿಕೆ, ಶಿಸ್ತು, ರಾಷ್ಟ್ರೀಯ ಹಬ್ಬಗಳ ಕವಾಯತು ಎಲ್ಲ ಇರುತ್ತದೆ. ಆದರೂ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಬಂದು ಲಾಂಗ್ ಜಂಪ್ ಗುಂಡಿಯ ಮರಳು ಕೆದಕುವ, ತಾಲ್ಲೂಕು ಮಟ್ಟಕ್ಕೆ ಹೋಗುವ ಮಕ್ಕಳ ತಿಂಡಿಗೆ ಸ್ವಂತ ಜೇಬಿನಿಂದ ಕೊಡುವ ಮೇಷ್ಟ್ರುಗಳು ಈ ನಾಲ್ಕು ತಾಲ್ಲೂಕುಗಳಲ್ಲೂ ಇದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲದಿರಬಹುದು, ಅವರ ಕೈಯಲ್ಲಿ ಆಡಿದವರೆಲ್ಲ ಮರೆಯದೆ ಹೇಳುತ್ತಾರೆ.

ಇನ್ನು ಅಭ್ಯಾಸಕ್ಕೆ ಬೇಕಾದ ಸಂಜೆಯ ವಿಚಾರ. ನಾಲ್ಕೂ ಚಿಲ್ಲರೆಗೆ ಲಾಂಗ್ ಬೆಲ್ ಹೊಡೆಯುತ್ತದೆ. ಅಲ್ಲಿಂದಾಚೆಗೆ ಹಳ್ಳಿಯ ಹೈಸ್ಕೂಲು ಮಗುವಿನ ಹೊತ್ತು ಅದರದ್ದಲ್ಲ. ಸಂಜೆ ಡೈರಿಗೆ ಹಾಲು ಹಾಕಬೇಕು, ಅದಕ್ಕೆ ಮುಂಚೆ ಹಸುವಿಗೆ ಹುಲ್ಲು ಬೇಕು, ಅಪ್ಪ ಅವ್ವ ಗದ್ದೆಯಿಂದ ಇನ್ನೂ ಬಂದಿರುವುದಿಲ್ಲ. ‘ಆಟ ಆಡ್ಕಂಡ್ ಕುಂತ್ರೆ ಹಸಕ್ಕೆ ಹುಲ್ಲು ಯಾರು ಕುಯ್ಯಾರು?’ ಎಂದು ಕೇಳುವ ತಾಯಿ ಮಗುವಿನ ವೈರಿಯಲ್ಲ. ಸಂಜೆ ಹಾಕುವ ಆ ನಾಲ್ಕಾರು ಲೀಟರ್ ಹಾಲಿನಿಂದಲೇ ಮಗುವಿನ ನೋಟ್‌ಬುಕ್ಕು ಬರುವುದು. ಹೆಣ್ಣುಮಕ್ಕಳಾದರೆ ಕಸ, ನೀರು, ಒಲೆ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಕಟ್ಟಳೆ ಬೇರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾಯಿತು. ಇದರಿಂದ ಎಷ್ಟೋ ಮನೆಗಳಲ್ಲಿ ಮಗಳನ್ನು ದೂರದ ಹೈಸ್ಕೂಲಿಗೆ ಕಳಿಸುವ ಧೈರ್ಯ ಬಂದಿದೆ, ಅದನ್ನು ಒಪ್ಪಲೇಬೇಕು. ಆದರೆ ಆಟಕ್ಕೆ ಉಳಿಯಬೇಕಾದ ಹುಡುಗಿಗೆ ಟಿಕೆಟ್ಟಿಗಿಂತ ದೊಡ್ಡ ಪ್ರಶ್ನೆ ಬಸ್ಸಿನ ಹೊತ್ತು. ಶಾಲೆ ಬಿಡುವ ವೇಳೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಿಗೆ, ಕೆಲವು ಊರುಗಳಿಗೆ ಮುಂದಿನದೇ ಇಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ, 2006-07ರಲ್ಲಿ, ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಸೈಕಲ್ಲಿದ್ದ ಹುಡುಗಿ ಬಸ್ಸಿಗೆ ಕಾಯಬೇಕಿರಲಿಲ್ಲ. ಗೆಳತಿಯರು ನಾಲ್ಕು ಜನ ಸೇರಿ ಐದೂವರೆಗೆ ಹೊರಟರೂ ಬೆಳಕಿರುವಾಗಲೇ ಊರು ಸೇರುತ್ತಿದ್ದರು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತುಹೋಯಿತು. ಸೈಕಲ್ಲನ್ನು ಕಲಿಕೆಯ ಲೆಕ್ಕದಲ್ಲಿ ಮಾತ್ರ ನೋಡಿದವರಿಗೆ ಅದು ಹುಡುಗಿಯರಿಗೆ ಸಂಜೆಯ ಒಂದು ಗಂಟೆಯನ್ನೂ ಕೊಟ್ಟಿತ್ತು ಎಂಬುದು ಕಾಣಲಿಲ್ಲವೇನೋ.

ಹಸಿವಿನ ಮಾತನ್ನೂ ಸೇರಿಸಿ ಹೇಳಬೇಕು. ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತಿದೆ, ಒಳ್ಳೆಯದೇ. ಸಂಜೆ ಮೈದಾನಕ್ಕಿಳಿಯುವ ಹೊತ್ತಿಗೆ ಹೊಟ್ಟೆ ಮತ್ತೆ ಖಾಲಿ. ಬೆಲ್ಲದ ನಾಡಿನಲ್ಲಿ ಆಡುವ ಮಕ್ಕಳಿಗೆ ಒಂದೊಂದು ಹಿಡಿ ಕಡಲೆಕಾಯಿ, ಒಂದು ತುಂಡು ಬೆಲ್ಲ ಕೊಡಲು ಊರಿನ ಹಾಲಿನ ಸಂಘವೋ ಹಳೆ ವಿದ್ಯಾರ್ಥಿಗಳೋ ಮನಸ್ಸು ಮಾಡಿದರೆ ಸಾಕು.

ಈ ಎಲ್ಲ ತೊಡಕುಗಳಿಗೆ ನನಗೆ ಕಾಣುವ ದಾರಿ ಒಂದೇ: ಅಭ್ಯಾಸದ ಹೊತ್ತನ್ನು ಲಾಂಗ್ ಬೆಲ್ಲಿಗೆ ಮುಂಚೆಯೇ ಇಡುವುದು. ವಾರದಲ್ಲಿ ಎರಡು ದಿನ ಕೊನೆಯ ಎರಡು ಪೀರಿಯಡ್‌ಗಳನ್ನು ಜೋಡಿಸಿ, ಒಂದು ದಿನ ಆಟಕ್ಕೆ, ಒಂದು ದಿನ ಸಂಘಗಳಿಗೆ ಬಿಡಬೇಕು. ತಿಂಗಳಿಗೊಂದು ‘ಸಂಭ್ರಮ ಶನಿವಾರ’ ಬ್ಯಾಗಿಲ್ಲದ ದಿನವಾಗಿ ಬಂದಿರುವುದು ಸಂತೋಷವೇ, ಆದರೆ ಕೊಳಲು ಊದುವುದನ್ನೋ ಶಾಟ್‌ಪಟ್ ಎಸೆಯುವುದನ್ನೋ ತಿಂಗಳಿಗೊಂದು ದಿನದಲ್ಲಿ ಕಲಿಯಲಾಗುವುದಿಲ್ಲ. ವೇಳಾಪಟ್ಟಿಯೊಳಗೇ ಬಂದರೆ ಡೈರಿಗೂ ತೊಂದರೆಯಿಲ್ಲ, ಬಸ್ಸೂ ತಪ್ಪುವುದಿಲ್ಲ, ಅವ್ವನ ಹತ್ತಿರ ಅಪ್ಪಣೆಯನ್ನೂ ಕೇಳಬೇಕಿಲ್ಲ. ವಸತಿ ಶಾಲೆಗಳಲ್ಲಿ, ಮೊರಾರ್ಜಿ ದೇಸಾಯಿ ಶಾಲೆಯಿರಲಿ ಆದಿಚುಂಚನಗಿರಿಯಂಥ ಮಠದ ಹಾಸ್ಟೆಲ್ಲಿರಲಿ, ಸಂಜೆ ಮಕ್ಕಳ ಕೈಯಲ್ಲೇ ಇರುತ್ತದೆ. ಮನೆಯಿಂದ ಓಡಾಡುವ ಮಗುವಿಗೂ ಅಷ್ಟು ಅನುಕೂಲ ಸಿಗಬೇಡವೇ?

ಹತ್ತನೇ ತರಗತಿಯ ಮಕ್ಕಳಿಗಂತೂ ಈಗ ಸಂಜೆಯೇ ಇಲ್ಲ. ಜೂನ್‌ನಿಂದಲೇ ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಡಿಸೆಂಬರ್ ಬಂದರೆ ಗುಂಪು ಅಧ್ಯಯನ, ಸರಣಿ ಪರೀಕ್ಷೆ. ಫಲಿತಾಂಶ ಇಳಿದರೆ ಶಿಕ್ಷಕರಿಗೆ ನೋಟಿಸು. ಆ ಭಯ ನಿಜವಾದದ್ದೇ, ಅವರನ್ನು ದೂರುವಂತಿಲ್ಲ. ಆದರೆ ಎಂಟರಲ್ಲಿ ಆಟ ಶುರು ಮಾಡಿ ಒಂಬತ್ತರಲ್ಲಿ ಹದಕ್ಕೆ ಬಂದ ಹುಡುಗಿಯನ್ನು, ಮೈಯಲ್ಲಿ ಬಲ ಕೂಡುತ್ತಿರುವ ವಯಸ್ಸಿನಲ್ಲೇ, ಹತ್ತಕ್ಕೆ ಮೈದಾನದಿಂದ ಎಬ್ಬಿಸಿಬಿಡುತ್ತೇವೆ. 17 ವರ್ಷದೊಳಗಿನವರ ವಿಭಾಗದಲ್ಲಿ ನಮ್ಮ ಪರವಾಗಿ ನಿಲ್ಲಬೇಕಾದವಳು ಅವಳೇ. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಬೆಂಚಿನ ಮೇಲೆ ಕೂರಿಸಿದ ಮಗುವಿನ ತಲೆಗೆ ಕೊನೆಯ ಒಂದು ಗಂಟೆಯ ಗಣಿತ ಇಳಿಯುತ್ತದೆಂದು ನಂಬುವುದು ನನ್ನಿಂದ ಆಗುವುದಿಲ್ಲ. ಆ ಗಂಟೆಯನ್ನು ಮೈದಾನಕ್ಕೆ ಕೊಡಿ.

ಹಾಡು, ಕುಣಿತ, ನಾಟಕದ ಕಡೆಗೆ ಬಂದರೆ ಪ್ರತಿಭಾ ಕಾರಂಜಿಯೇ ದೊಡ್ಡ ವೇದಿಕೆ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಈ ಕಾರ್ಯಕ್ರಮ ಹಳ್ಳಿ ಮಕ್ಕಳ ಎದೆಯಿಂದ ಮೈಕಿನ ಭಯ ಬಿಡಿಸಿದೆ. ಭಾವಗೀತೆ, ಆಶುಭಾಷಣ, ಮಿಮಿಕ್ರಿ, ರಂಗೋಲಿ, ಕವಾಲಿ, ಜಾನಪದ ನೃತ್ಯ ಎಲ್ಲಕ್ಕೂ ಅಲ್ಲಿ ಜಾಗವಿದೆ. 2015ರಿಂದ ಕೇಂದ್ರದ ಕಲೋತ್ಸವವೂ ಸೇರಿಕೊಂಡಿದೆ. ನನ್ನ ತಕರಾರು ಜಾನಪದ ನೃತ್ಯದ ವಿಷಯದಲ್ಲಿ. ಯೂಟ್ಯೂಬ್ ನೋಡಿ ಹೆಜ್ಜೆ ಕಲಿತು, ಬಾಡಿಗೆ ಬಟ್ಟೆ ತಂದು, ಸ್ಪೀಕರಿನ ಹಾಡಿಗೆ ಕುಣಿಯುವುದೇ ರೂಢಿಯಾಗಿಬಿಟ್ಟಿದೆ. ಬಾಡಿಗೆ ಕೊಡಲಾಗದ ಮಗು ತಂಡದಿಂದಲೇ ಹೊರಗೆ. ಅದೇ ಊರಿನಲ್ಲಿ ಕೋಲಾಟದ ತಂಡ ಇರುತ್ತದೆ, ಪೂಜಾ ಕುಣಿತದವರಿರುತ್ತಾರೆ, ತಮಟೆಯವರಿರುತ್ತಾರೆ, ಸೋಬಾನೆ ಹೇಳುವ ಅಜ್ಜಿಯರಿರುತ್ತಾರೆ. ಅವರ ಮೊಮ್ಮಕ್ಕಳೇ ಶಾಲೆಯಲ್ಲಿ ಕೂತಿರುತ್ತಾರೆ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದುಕೊಂಡೂ ಹಳ್ಳಿಯ ಹಾಡು, ಕಥೆ, ಕುಣಿತಗಳನ್ನು ಜೀವಮಾನವಿಡೀ ಕೂಡಿಟ್ಟರು, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕವನ್ನೇ ನಿಲ್ಲಿಸಿದರು. ಅವರ ತಾಲ್ಲೂಕಿನ ಹೈಸ್ಕೂಲು ಮಕ್ಕಳು ತಮ್ಮ ಊರಿನ ಒಬ್ಬ ಹಾಡುಗಾರ್ತಿಯ ಮುಂದೆ ಮೊಬೈಲ್ ಇಟ್ಟು ಧ್ವನಿ ಹಿಡಿದು, ಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಅದೇ ಸಾಹಿತ್ಯ ಸಂಘದ ವರ್ಷದ ಕೆಲಸ. ಖರ್ಚು ಏನೂ ಇಲ್ಲ.

ನಾಟಕದಲ್ಲಂತೂ ಈ ಸೀಮೆಗೆ ಸಾಟಿಯಿಲ್ಲ. ಊರಲ್ಲಿ ‘ಕುರುಕ್ಷೇತ್ರ’ ಕಲಿಯಲು ಕೂತರೆಂದರೆ ಎರಡು ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಪ್ರಾಕ್ಟೀಸು. ಪಾತ್ರ ಮಾಡುವವರು ತಾವೇ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ, ದುರ್ಯೋಧನನಿಗೆ ಕೃಷ್ಣನಿಗೆ ಬೇಡಿಕೆ ಹೆಚ್ಚು. ಮೇಷ್ಟ್ರು ಕಂದಪದ್ಯದ ಒಂದೊಂದು ಸಾಲನ್ನೂ ಮಟ್ಟು ಹಿಡಿಸಿ ಹೇಳಿಕೊಡುತ್ತಾರೆ, ಅಕ್ಷರ ಬಾರದ ರೈತನೂ ಕಿವಿಯಿಂದಲೇ ಕಲಿತು ಹಾಡುತ್ತಾನೆ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ಒಂಬತ್ತನೇ ತರಗತಿ ಹುಡುಗನಿಗೆ ಎಲ್ಲರ ಪಾತ್ರವೂ ಬಾಯಿಗೆ ಬಂದುಬಿಡುತ್ತದೆ. ಹಳಗನ್ನಡದ ಪದ್ಯ ಕಂಡರೆ ತರಗತಿಯಲ್ಲಿ ತಲೆ ತಗ್ಗಿಸುವ ಹುಡುಗ ಇವನೇ. ಆ ಮೇಷ್ಟ್ರನ್ನು ವಾರಕ್ಕೊಂದು ಮಧ್ಯಾಹ್ನ ಶಾಲೆಗೆ ಕರೆದು, ಗೌರವಧನ ಕೊಟ್ಟು, ಮಕ್ಕಳನ್ನು ಕೂರಿಸಿ ಕಲಿಸಬಾರದೇ? ಹೆಣ್ಣುಮಕ್ಕಳೂ ದ್ರೌಪದಿ, ಕುಂತಿ, ಬೇಕಾದರೆ ದುರ್ಯೋಧನನ ಪಾತ್ರವನ್ನೂ ಮಾಡಲಿ.

ವಿಜ್ಞಾನ ಸಂಘಗಳಿಗೂ ಇತಿಹಾಸ ಕೂಟಗಳಿಗೂ ಈ ನಾಲ್ಕು ತಾಲ್ಲೂಕುಗಳಲ್ಲಿ ಇರುವಷ್ಟು ಸಾಮಗ್ರಿ ಬೇರೆ ಕಡೆ ಸಿಗುವುದು ಕಷ್ಟ. ಶ್ರೀರಂಗಪಟ್ಟಣದ ಮಗು ದಿನವೂ ಕೋಟೆಯ ಪಕ್ಕದಲ್ಲೇ ನಡೆದು ಬರುತ್ತದೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟು 1799ರ ಯುದ್ಧದ ನಂತರ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಂಗ್ರೀವ್ ರಾಕೆಟ್ಟಿಗೆ ದಾರಿಯಾದದ್ದು ಈ ಊರಿನಿಂದಲೇ. ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ್ದು ಸಲೀಂ ಅಲಿಯವರ ಸಲಹೆಯಿಂದ. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಪರಿಸರ ದಿನಕ್ಕೆ ಭಿತ್ತಿಪತ್ರ ಬರೆಸುವುದಕ್ಕಿಂತ, ಇಕೋ ಕ್ಲಬ್ಬಿನ ಮಕ್ಕಳು ಪ್ರತಿ ತಿಂಗಳು ತಮ್ಮ ಊರಿನ ಕೆರೆಯ ಹಕ್ಕಿಗಳನ್ನು ಎಣಿಸಿ ಬರೆದಿಡಲಿ. ಮೂರು ವರ್ಷದಲ್ಲಿ ತೊಣ್ಣೂರು ಕೆರೆಯದ್ದೋ ಹೊಸಹೊಳಲು ಕೆರೆಯದ್ದೋ ಒಂದು ದಾಖಲೆ ಸಿದ್ಧವಾಗುತ್ತದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಕೇಳುವುದೂ ಇಂಥದ್ದನ್ನೇ: ಊರಿನ ಸಮಸ್ಯೆ, ಮಕ್ಕಳದೇ ಅಳತೆ, ಮಕ್ಕಳದೇ ಮಾತು. ಆಲೆಮನೆಯ ಒಲೆಗೆ ಏನು ಹಾಕುತ್ತಾರೆ, ಹೊಗೆಯ ಬಣ್ಣ ಹೇಗಿರುತ್ತದೆ, ಮೇಲುಕೋಟೆಯ ಕೊಳಗಳಲ್ಲಿ ಬೇಸಿಗೆಗೆ ನೀರು ಎಷ್ಟು ಇಳಿಯುತ್ತದೆ, ಇವೆಲ್ಲ ಹದಿನಾಲ್ಕರ ಮಗು ಕೋಲು ಹಿಡಿದು ಅಳೆಯಬಹುದಾದ ಸಂಗತಿಗಳು.

ಮೇಲುಕೋಟೆ ಪು.ತಿ.ನ. ಅವರ ಊರು, ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿ ಅವರದು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರದು. ಇಂಥವರ ಬರಹಗಳನ್ನು ಮಕ್ಕಳು ಓದುತ್ತಾರೆ. ಆ ಊರುಗಳಿಗೆ ಒಂದು ದಿನ ಬಸ್ಸು ಹತ್ತಿ ಹೋಗಿ ಬಂದರೆ ಕವಿಪರಿಚಯ ಬಾಯಿಪಾಠ ಮಾಡುವ ಕಷ್ಟವೇ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ಶಾಲೆಗಳ ಯಾವ ಪಟ್ಟಿಯಲ್ಲೂ ಸೇರದ, ಆದರೆ ಮೊದಲು ಸೇರಬೇಕಾದ ಒಂದಿದೆ: ಈಜು. ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷಾ ಹರಿಯುವ, ವಿಶ್ವೇಶ್ವರಯ್ಯ ನಾಲೆಯ ಕವಲುಗಳು ಊರೂರಿನ ಮನೆಬಾಗಿಲಿಗೇ ಬರುವ ನಾಡಿದು. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಮುಳುಗಿದ ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ದರೆ ಉಳಿಯುತ್ತಿದ್ದರೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಆ ನಾಲೆಗೆ ತಡೆಗೋಡೆ ಬೇಕಿತ್ತೆಂಬುದು ಬೇರೆಯೇ ಪ್ರಶ್ನೆ. ಆದರೆ ಬಟ್ಟೆ ಒಗೆಯಲು ಹೋಗಿ, ದನ ತೊಳೆಯಲು ಹೋಗಿ, ಬೇಸಿಗೆ ರಜೆಯಲ್ಲಿ ಗೆಳೆಯರೊಂದಿಗೆ ನೀರಿಗಿಳಿದು ಮಕ್ಕಳು ಮುಳುಗಿದ ಸುದ್ದಿ ಪ್ರತಿವರ್ಷ ಓದುತ್ತೇವೆ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬನೂ ಹೋಗಿರುತ್ತಾನೆ.

ಹಿಂದೆ ಈಜನ್ನು ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಅಪ್ಪನೋ ಮಾವನೋ ಕಲಿಸುತ್ತಿದ್ದರು. ಗಂಡುಮಕ್ಕಳಿಗೆ ಮಾತ್ರ. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಆ ಕಲಿಕೆಯೂ ನಿಂತಿತು. ಈಗ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಸಾಧಾರಣ ಕೊಳ, ಎದೆಮಟ್ಟದ ನೀರು, ಒಬ್ಬ ಗಂಡು ಒಬ್ಬ ಹೆಣ್ಣು ತರಬೇತುದಾರರು, ಎಂಟನೇ ತರಗತಿಗೆ ಸೇರಿದ ಪ್ರತಿ ಮಗುವಿಗೂ ಸರದಿಯ ಮೇಲೆ ಎರಡು ವಾರದ ಕಲಿಕೆ, ಇಷ್ಟು ಸಾಕು. ಇನ್ನೊಬ್ಬರು ಮುಳುಗುವಾಗ ನೀರಿಗೆ ಹಾರದೆ ಹಗ್ಗ, ಸೀರೆ, ಗಳ ಎಸೆದು ಎಳೆಯುವುದು ಹೇಗೆ, ಮೇಲೆ ತಂದವರಿಗೆ ಉಸಿರು ಕೊಡುವುದು ಹೇಗೆ ಎಂಬುದನ್ನೂ ಅದೇ ಎರಡು ವಾರದಲ್ಲಿ ಹೇಳಿಕೊಡಬಹುದು, ಸ್ಕೌಟ್ಸ್ ಗೈಡ್ಸ್ ಪ್ರಥಮ ಚಿಕಿತ್ಸೆಯ ಪಾಠದ ಜೊತೆಗೇ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಸರಿಯಾದ ಉಡುಪು, ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದ್ದರೆ ತಾಯಂದಿರು ಬೇಡವೆನ್ನುವುದಿಲ್ಲ. ಜಿಲ್ಲಾ ಪಂಚಾಯಿತಿ, ಶಿಕ್ಷಣ ಇಲಾಖೆ, ಕ್ರೀಡಾ ಇಲಾಖೆ ಮೂವರೂ ಕೂತು ಮಾತಾಡಬೇಕಾದ ವಿಷಯವಿದು. ಮುಂದಿನ ಜೂನ್‌ನಲ್ಲಿ ಎಂಟನೇ ತರಗತಿಗೆ ಬರುವ ಮಕ್ಕಳಿಂದಲೇ, ಮೊದಲು ನಾಲೆಯಂಚಿನ ಊರುಗಳ ಶಾಲೆಗಳಿಂದ ಇದು ಶುರುವಾಗಬೇಕು.